ಡೀಲರ್ ಮುಖ ಬಿಡಿ, ಮೇಜಿನ ಬರಹ ಓದಿ

ಕೆಲವು ವರ್ಷ ಆನ್‌ಲೈನ್ ಕ್ಯಾಸಿನೋದಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಲೈವ್ ಮೇಜಿನ ಹಿಂದೆ ನಿಂತು ಎಲೆ ಹಂಚುವುದೇ ನನ್ನ ಕೆಲಸವಾಗಿತ್ತು. ಎದುರಿಗೆ ಆಟಗಾರರಿಲ್ಲ. ಕ್ಯಾಮೆರಾಗಳು, ಒಂದು ಪರದೆ, ಪರದೆಯ ಮೇಲೆ ಓಡುವ ಚಾಟ್, ಅಷ್ಟೇ. ಆ ಚಾಟ್‌ನಲ್ಲಿ ದಿನವೂ ತಪ್ಪದೆ ಬರುತ್ತಿದ್ದ ಪ್ರಶ್ನೆ ಒಂದಿತ್ತು: "ಈಗೇನು ಮಾಡ್ಲಿ, ನೀವೇ ಹೇಳಿ." ಸಲಹೆ ಕೊಡಲು ನಮಗೆ ಅನುಮತಿ ಇರಲಿಲ್ಲ. ನಗುತ್ತಾ ತಲೆಯಾಡಿಸಿದರೆ ಕೆಲವರಿಗೆ ಕೋಪ. ಅವರೆಲ್ಲ ನನ್ನ ಎದುರು ಆಡುತ್ತಿದ್ದೇವೆ ಅಂದುಕೊಂಡಿದ್ದರು.

ಡೀಲರ್‌ಗೆ ಆಟವೇ ಇಲ್ಲ. ಕೈಯಲ್ಲಿರುವ ಎಲೆಗಳ ಮೊತ್ತ 16 ಆದರೆ ಇನ್ನೊಂದು ಎಲೆ ತೆಗೆಯಲೇಬೇಕು, 17 ಆದರೆ ನಿಲ್ಲಲೇಬೇಕು. ನನ್ನ ಮನಸ್ಸು, ನಗು, ಅದೃಷ್ಟ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ತೀರ್ಮಾನ ಮಾಡುವ ಅವಕಾಶ ಇರುವುದು ಒಬ್ಬರಿಗೇ, ಆಡುವವರಿಗೆ. ಆ ಅವಕಾಶದ ಬೆಲೆ ಎಷ್ಟು ಅನ್ನುವುದನ್ನೇ ಈ ಸಲ ಬರೆಯುತ್ತಿದ್ದೇನೆ.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಎಲೆಗಳ ಮೊತ್ತ ಡೀಲರ್‌ನದಕ್ಕಿಂತ 21ಕ್ಕೆ ಹತ್ತಿರ ಹೋಗಬೇಕು, ದಾಟಬಾರದು. ಗುಲಾಮ, ರಾಣಿ, ರಾಜ ಮೂವರಿಗೂ 10. ಎಕ್ಕ ನಿಮ್ಮ ಅನುಕೂಲಕ್ಕೆ ತಕ್ಕಂತೆ 1 ಅಥವಾ 11. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರ ಎಲೆ ಬಿದ್ದರೆ ಅದು ಬ್ಲ್ಯಾಕ್‌ಜಾಕ್. ಎಲೆ ಬೇಕಾದರೆ ಹಿಟ್, ಸಾಕಾದರೆ ಸ್ಟ್ಯಾಂಡ್. ಪಣ ಎರಡರಷ್ಟು ಮಾಡಿ ಒಂದೇ ಎಲೆ ತೆಗೆದುಕೊಳ್ಳುವುದು ಡಬಲ್, ಜೋಡಿ ಎಲೆಯನ್ನು ಎರಡು ಕೈಯಾಗಿ ಒಡೆಯುವುದು ಸ್ಪ್ಲಿಟ್. ಡೀಲರ್‌ನ ಒಂದು ಎಲೆ ನಿಮಗೆ ಕಾಣುತ್ತಿರುತ್ತದೆ.

ಹಾಗಾದರೆ ಕ್ಯಾಸಿನೋಗೆ ಲಾಭ ಎಲ್ಲಿಂದ? ನೀವು ಮೊದಲು ಆಡುತ್ತೀರಿ ಅನ್ನುವುದರಿಂದ. ನೀವು 21 ದಾಟಿದ ಕ್ಷಣ ಪಣ ಹೋಯಿತು. ಆಮೇಲೆ ಡೀಲರ್ ಕೂಡ ದಾಟಿದರೂ ಅದು ವಾಪಸ್ ಬರುವುದಿಲ್ಲ. ಡೀಲರ್ ನೂರಕ್ಕೆ ಸುಮಾರು 28 ಸಲ 21 ದಾಟುತ್ತಾನೆ. ನೀವೂ ಅವನ ಹಾಗೆಯೇ 17ರವರೆಗೆ ತೆಗೆದು ನಿಂತರೆ, ಇಬ್ಬರೂ ಒಟ್ಟಿಗೆ ದಾಟುವುದು ನೂರಕ್ಕೆ 8 ಸಲ. ಆ 8 ಪೂರ್ತಿ ಕ್ಯಾಸಿನೋಗೆ. ಬ್ಲ್ಯಾಕ್‌ಜಾಕ್‌ಗೆ ನಿಮಗೆ ಸಿಗುವ ಹೆಚ್ಚುವರಿಯನ್ನು ಕಳೆದರೆ, ನೂರು ಕಟ್ಟಿದಾಗ ಸರಾಸರಿ ಐದೂವರೆ ಕೈಬಿಡುತ್ತದೆ. ಅದೇ ಮೇಜಿನಲ್ಲಿ, ಅದೇ ಎಲೆಗಳಲ್ಲಿ ಸರಿಯಾದ ತೀರ್ಮಾನಗಳನ್ನು ಮಾಡುತ್ತಾ ಹೋದರೆ ಈ ಐದೂವರೆ ಅರ್ಧಕ್ಕೆ ಇಳಿಯುತ್ತದೆ. ಎರಡೂಮುಕ್ಕಾಲು ಅಂತಲ್ಲ, ನೂರಕ್ಕೆ ಬರೀ ಅರ್ಧ. ನಡುವಿನ ಐದು ನಿಮ್ಮ ಬೆರಳಲ್ಲಿದೆ.

ಆ ಸರಿಯಾದ ತೀರ್ಮಾನಗಳ ಪಟ್ಟಿಗೆ ಬೇಸಿಕ್ ಸ್ಟ್ರಾಟಜಿ ಅನ್ನುತ್ತಾರೆ. ಅಮೆರಿಕದ ಸೇನೆಯ ಅಬರ್ಡೀನ್ ನೆಲೆಯಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲೇ ಅದನ್ನು ತೆಗೆದು 1956ರಲ್ಲಿ ಪ್ರಕಟಿಸಿದರು. ಆಮೇಲೆ ಎಡ್ವರ್ಡ್ ಥಾರ್ಪ್ ಐಬಿಎಂ 704 ಕಂಪ್ಯೂಟರ್‌ನಲ್ಲಿ ಅದನ್ನು ಇನ್ನಷ್ಟು ಹದಗೊಳಿಸಿದರು. ಆ ಪಟ್ಟಿ ಇವತ್ತು ಯಾರಿಗೆ ಬೇಕಾದರೂ ಸಿಗುತ್ತದೆ. ಮನೆಯಲ್ಲಿ ಕೂತು ಆಡುವವರು ಅದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ತಡೆಯುವವರಿಲ್ಲ. ಆದರೂ ಇಟ್ಟುಕೊಳ್ಳುವವರು ಕಡಿಮೆ, ಅದೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪಟ್ಟಿಯ ತಿರುಳು ಇಷ್ಟು. ಡೀಲರ್ 2ರಿಂದ 6ರವರೆಗಿನ ಎಲೆ ತೋರಿಸುತ್ತಿದ್ದರೆ ಅವನು ಕಷ್ಟದಲ್ಲಿದ್ದಾನೆ. 6 ಕಂಡರೆ ನೂರಕ್ಕೆ ಸುಮಾರು 42 ಸಲ ಅವನೇ ದಾಟುತ್ತಾನೆ. ಆಗ ನಿಮ್ಮ ಹತ್ತಿರ 13ರಿಂದ 16 ಇದ್ದರೆ ನಿಲ್ಲಿ. ಅವನದು 7 ಅಥವಾ ಮೇಲಿದ್ದರೆ 17 ಆಗುವವರೆಗೆ ತೆಗೆಯಿರಿ. 12 ಇದ್ದಾಗ ನಿಲ್ಲುವುದು 4, 5, 6ರ ಎದುರು ಮಾತ್ರ. ಎಕ್ಕದ ಜೋಡಿ, ಎಂಟರ ಜೋಡಿ ಒಡೆಯಿರಿ. ಹತ್ತರ ಜೋಡಿ, ಐದರ ಜೋಡಿ ಒಡೆಯಬೇಡಿ. ಮೊತ್ತ 11 ಆದಾಗ ಡಬಲ್ ಮಾಡಲು ಹೆದರುವವರು ಬಹಳ. ಈ ಆಟದಲ್ಲಿ ನಿಮಗೆ ನಿಜವಾಗಿ ಮೇಲುಗೈ ಇರುವ ಕೆಲವೇ ಜಾಗಗಳಲ್ಲಿ ಅದೊಂದು. ಎಕ್ಕ ಮತ್ತು 7 ಕೂಡಿ 18 ಆಗಿದ್ದು, ಎದುರಿಗೆ 9, 10 ಅಥವಾ ಎಕ್ಕ ಇದ್ದರೆ ಎಲೆ ತೆಗೆಯಬೇಕು ಅಂದರೆ ಯಾರೂ ನಂಬುವುದಿಲ್ಲ. 18 ನೋಡಲು ಚೆಂದ, ಆದರೆ ಆ ಎಲೆಗಳ ಎದುರು ಸಾಲದು. ಎಕ್ಕ ಜೊತೆಗಿರುವುದರಿಂದ ಒಂದು ಎಲೆ ತೆಗೆದರೆ ದಾಟುವ ಭಯವೂ ಇಲ್ಲ.

ಕೂರುವ ಮೊದಲು ಮೇಜಿನ ಬಟ್ಟೆಯ ಮೇಲೆ, ಇಲ್ಲವೇ ಪರದೆಯ ನಿಯಮಗಳ ಪುಟದಲ್ಲಿ ಏನು ಬರೆದಿದೆ ನೋಡಿ. ಬ್ಲ್ಯಾಕ್‌ಜಾಕ್‌ಗೆ 3ಕ್ಕೆ 2ರ ಲೆಕ್ಕದಲ್ಲಿ ಕೊಡುತ್ತಾರೋ, 6ಕ್ಕೆ 5ರ ಲೆಕ್ಕದಲ್ಲೋ? ಮೊದಲನೆಯದರಲ್ಲಿ 10 ಕಟ್ಟಿದವರಿಗೆ 15 ಬರುತ್ತದೆ, ಎರಡನೆಯದರಲ್ಲಿ 12. ಎಂಟು ಕಟ್ಟು ಇಸ್ಪೀಟೆಲೆ ಬಳಸುವ ಆಟದಲ್ಲಿ ಬ್ಲ್ಯಾಕ್‌ಜಾಕ್ ಬೀಳುವುದು ಸರಾಸರಿ 21 ಕೈಗೆ ಒಂದು ಸಲ. ಆ ಒಂದು ಸಲದ ಖೋತಾವೇ ನೂರಕ್ಕೆ 1.4ರಷ್ಟು ನಷ್ಟ ಸೇರಿಸುತ್ತದೆ. ಪಟ್ಟಿ ಕಲಿತು ಉಳಿಸಿದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಲ್ಲೇ ಸೋರಿತು. ಇನ್ನೊಂದು, ಡೀಲರ್ ತನ್ನ ಎರಡನೇ ಎಲೆಯನ್ನು ಯಾವಾಗ ತೆಗೆಯುತ್ತಾನೆ ಅನ್ನುವುದು. ಕೆಲವು ಮೇಜುಗಳಲ್ಲಿ ಎಲ್ಲರ ಆಟ ಮುಗಿದ ಮೇಲೆ ತೆಗೆಯುತ್ತಾನೆ. ಅಲ್ಲಿ ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬಿದ್ದರೆ ನೀವು ಡಬಲ್‌ಗೆ, ಸ್ಪ್ಲಿಟ್‌ಗೆ ಸೇರಿಸಿದ್ದೂ ಹೋಗಬಹುದು. ಅಂಥ ಕಡೆ ಹತ್ತು ಅಥವಾ ಎಕ್ಕದ ಎದುರು 11ನ್ನು ಡಬಲ್ ಮಾಡಬೇಡಿ, ಎಂಟರ ಜೋಡಿಯನ್ನೂ ಒಡೆಯಬೇಡಿ.

ಎಲೆಯನ್ನು ಮನುಷ್ಯರೇ ಹಂಚಿದರೂ ಲೆಕ್ಕ ಇಡುವುದು ಯಂತ್ರ. ಎಲೆ ಹೊರಬಂದ ಕೂಡಲೇ ಅದನ್ನು ಓದಿ ನಿಮ್ಮ ಪರದೆಗೆ ಅಂಕಿಯಾಗಿ ಕಳಿಸುತ್ತದೆ. ತೀರ್ಮಾನಕ್ಕೆ ಸಿಗುವುದು ಕೆಲವೇ ಸೆಕೆಂಡು. ಒತ್ತದೇ ಹೋದರೆ, ನೆಟ್ ಕೈಕೊಟ್ಟರೂ ಸರಿ, ಹೆಚ್ಚಿನ ಕಡೆ ಇದ್ದ ಮೊತ್ತಕ್ಕೇ ನಿಂತಿರಿ ಅಂತ ಲೆಕ್ಕ. 11 ಹಿಡಿದು ಕೂತವರ ಗಡಿಯಾರ ಹಾಗೇ ಓಡಿ ಸೊನ್ನೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಕೈ ಮಾತ್ರ ಮುಂದಿನ ಕುರ್ಚಿಗೆ ಹೋಗಲೇಬೇಕಿತ್ತು.

ಕುರ್ಚಿಗಳು ಸಾಮಾನ್ಯವಾಗಿ ಏಳು. ಜಾಗ ಸಿಗದವರು ಬೇರೆಯವರ ಕೈಯ ಹಿಂದೆ ಪಣ ಕಟ್ಟಬಹುದು, ಇದಕ್ಕೆ ಬೆಟ್ ಬಿಹೈಂಡ್ ಅನ್ನುತ್ತಾರೆ. ನನಗೆ ಇದು ಸರಿಬರುವುದಿಲ್ಲ. ಹಣ ನಿಮ್ಮದು, ತೀರ್ಮಾನ ಯಾರೋ ಗೊತ್ತಿಲ್ಲದವರದು.

ಏಳನೇ ಕುರ್ಚಿಯದು ಬೇರೆ ಕಥೆ, ಡೀಲರ್‌ಗೆ ಮುಂಚೆ ಕೊನೆಯದಾಗಿ ಆಡುವುದು ಅದೇ. ಒಂದು ರಾತ್ರಿ ನನ್ನ ಎಲೆ 6. ಏಳನೆಯವರ ಹತ್ತಿರ 12, ಅವರು ಹಿಟ್ ಒತ್ತಿದರು, ಬಂದದ್ದು ರಾಣಿ. ನಾನು ಅಡಿಯ ಎಲೆ ತಿರುಗಿಸಿದರೆ ಹತ್ತು, ಮೊತ್ತ 16. ಮುಂದಿನ ಎಲೆ 5. ಸರಿಯಾಗಿ 21. ಚಾಟ್ ಹೊತ್ತಿ ಉರಿಯಿತು. ಆ ರಾಣಿ ನನಗೆ ಬರಬೇಕಿತ್ತು, ಆಗ ಎಲ್ಲರೂ ಗೆಲ್ಲುತ್ತಿದ್ದರು ಅಂತ ಅವರ ಕೂಗು. ಏಳನೆಯವರು ಆಡಿದ್ದು ತಪ್ಪೇ, ಆದರೆ ನಷ್ಟ ಮಾಡಿಕೊಂಡದ್ದು ತಮಗೆ ಮಾತ್ರ. ಮುಂದಿನ ಎಲೆ ಯಾವುದೆಂದು ಯಾರಿಗೂ ಗೊತ್ತಿಲ್ಲದಿರುವಾಗ, ಒಂದು ಎಲೆ ಮೊದಲೇ ಹೋದರೆ ನನಗೆ ಬರುವುದು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು, ಎರಡೂ ಸಮಸಮ. ಅವರು ರಾಣಿ ತೆಗೆದು ನಾನು ಮುಳುಗಿದ ರಾತ್ರಿಗಳೂ ಇದ್ದವು. ಆಗ ಚಾಟ್‌ನಲ್ಲಿ ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಡೀಲರ್‌ಗೆ ಎಕ್ಕ ಬಿದ್ದಾಗ ಪರದೆ "ಇನ್ಶೂರೆನ್ಸ್ ಬೇಕೇ" ಅಂತ ಕೇಳುತ್ತದೆ. ಹೆಸರು ವಿಮೆ, ಕೆಲಸ ಇನ್ನೊಂದು ಬಾಜಿ. ಗೆದ್ದರೆ ಒಂದಕ್ಕೆ ಎರಡು. ನಷ್ಟವಾಗದಿರಬೇಕಾದರೆ ಮೂರರಲ್ಲಿ ಒಂದು ಸಲ ಅಡಿಯಲ್ಲಿ ಹತ್ತರ ಎಲೆ ಇರಬೇಕು. ಎಂಟು ಕಟ್ಟಿನಲ್ಲಿ ಆ ಎಕ್ಕ ಬಿಟ್ಟು ಉಳಿಯುವ 415 ಎಲೆಗಳಲ್ಲಿ ಹತ್ತರ ಲೆಕ್ಕದವು 128, ಅಂದರೆ ನೂರಕ್ಕೆ 31ಕ್ಕೂ ಕಡಿಮೆ. ಕಟ್ಟಿದ ನೂರಕ್ಕೆ ಏಳೂವರೆ ಹೋಗುತ್ತದೆ. ನಿಮ್ಮದೇ ಬ್ಲ್ಯಾಕ್‌ಜಾಕ್ ಆಗಿದ್ದರೂ ಬೇಡ. ಜೋಡಿ ಬೀಳುತ್ತದೆ, ಮೂರೆಲೆ ಕೂಡುತ್ತದೆ ಅನ್ನುವ ಪಕ್ಕದ ಬಾಜಿಗಳಿಗೂ ಇದೇ ಮಾತು. ಅವುಗಳ ನಷ್ಟದ ಮುಂದೆ ಮುಖ್ಯ ಆಟದ ಅರ್ಧ ಏನೂ ಅಲ್ಲ.

ಹೊರಬಂದ ಎಲೆಗಳನ್ನು ಎಣಿಸುತ್ತಾ ಹೋಗಿ ಗೆಲ್ಲಬಹುದೇ ಅಂತಲೂ ಕೇಳುತ್ತಾರೆ. 416 ಎಲೆಗಳಲ್ಲಿ ಸುಮಾರು ಅರ್ಧ ಮುಗಿಯುವಷ್ಟರಲ್ಲೇ ನಾವು ಮತ್ತೆ ಕಲೆಸುತ್ತಿದ್ದೆವು. ಎಣಿಕೆಗೆ ಬೆಲೆ ಬರುವುದು ಕಟ್ಟಿನ ಕೊನೆಯಲ್ಲಿ, ಆ ಕೊನೆ ನಿಮಗೆ ಸಿಗುವುದೇ ಇಲ್ಲ.

"ಶೇ 99.5 ವಾಪಸ್" ಅನ್ನುವ ಜಾಹೀರಾತಿನ ಅಂಕಿಯನ್ನು ಜನ ತಪ್ಪಾಗಿ ಓದುತ್ತಾರೆ. ಅದು ತಂದ ಹಣದ ಲೆಕ್ಕವಲ್ಲ, ಕಟ್ಟಿದ ಹಣದ್ದು. 100 ತಂದು, ಗೆದ್ದದ್ದನ್ನೇ ತಿರುಗಿಸಿ ತಿರುಗಿಸಿ ಒಟ್ಟು 2,000 ಕಟ್ಟಿದರೆ ಸರಾಸರಿ ಹೋಗುವುದು 10, ಅದೂ ಪಟ್ಟಿಯ ಪ್ರಕಾರ ತಪ್ಪಿಲ್ಲದೆ ಆಡಿದರೆ. ಸರಾಸರಿಯ ಸುತ್ತ ಏರಿಳಿತವಂತೂ ವಿಪರೀತ. ಸಮನಾದ ಪಣದಲ್ಲಿ 100 ಕೈ ಆಡಿದರೆ ನಿರೀಕ್ಷಿತ ನಷ್ಟ ಅರ್ಧ ಪಣ, ಆದರೆ 11 ಪಣ ಮೇಲೋ ಕೆಳಗೋ ಹೋಗುವುದು ಮಾಮೂಲು. ಹಾಗಾಗಿ ಒಂದು ಸಂಜೆ ಗೆದ್ದವರು ಚೆನ್ನಾಗಿ ಆಡಿದರು ಅಂತೇನೂ ಇಲ್ಲ. ಸೋತಾಗಲೆಲ್ಲ ಪಣ ಎರಡರಷ್ಟು ಮಾಡುವವರಿಗೆ ಈ ಏರಿಳಿತವೇ ಗುಂಡಿ. ಒಂದರಿಂದ ಶುರುಮಾಡಿ ಸತತ ಏಳು ಸೋತರೆ 127 ಹೋಗಿರುತ್ತದೆ, ಎಂಟನೆಯದಕ್ಕೆ 128 ಬೇಕು. 100 ಕೈಯಲ್ಲಿ ಅಂಥ ಸಾಲು ಬರುವುದು ಅಪರೂಪವೇನಲ್ಲ, ಅಷ್ಟು ಹೊತ್ತಿಗೆ ಮೇಜಿನ ಗರಿಷ್ಠ ಮಿತಿಯೂ ಅಡ್ಡ ಬರಬಹುದು.

ಕಾನೂನಿನ ವಿಷಯ: ಹಣ ಕಟ್ಟುವ ಆನ್‌ಲೈನ್ ಆಟಕ್ಕೆ ಕೆಲವು ದೇಶಗಳಲ್ಲಿ ಲೈಸೆನ್ಸ್, ಕೆಲವು ಕಡೆ ಪೂರ್ತಿ ನಿಷೇಧ. ನಿಷೇಧವಿದ್ದ ಕಡೆ ಹಣ ಸಿಕ್ಕಿಹಾಕಿಕೊಂಡರೆ ಕೇಳಲು ಕಚೇರಿಯೂ ಇರುವುದಿಲ್ಲ, ಈ ಲೆಕ್ಕಗಳೂ ಉಪಯೋಗಕ್ಕೆ ಬರುವುದಿಲ್ಲ.

ಚಾಟ್‌ನಲ್ಲಿ ಬರುತ್ತಿದ್ದ ಪ್ರಶ್ನೆಗೆ ವಾಪಸ್ ಬರುತ್ತೇನೆ. ಹೆಚ್ಚಾಗಿ ಕೇಳುತ್ತಿದ್ದದ್ದು ತಮ್ಮ ಕೈಯಲ್ಲಿ 16, ನನ್ನ ಎಲೆ 10 ಇದ್ದಾಗ. ನಿಂತರೂ ತೆಗೆದರೂ ಸುಮಾರು ನಾಲ್ಕರಲ್ಲಿ ಮೂರು ಸಲ ಸೋಲು. ತೆಗೆದರೆ ಕೂದಲೆಳೆಯಷ್ಟು ವಾಸಿ. ಆಗ ಹೇಳುವ ಹಾಗಿರಲಿಲ್ಲ, ಈಗ ಹೇಳುತ್ತೇನೆ: ಹಿಟ್ ಒತ್ತಿ, ಗಡಿಯಾರ ನೋಡಿಕೊಂಡು.