ಬೀಗರು ಯಾವ ಪಕ್ಷದವರು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಒಂದು ಪಕ್ಷದ ಅರ್ಧದಷ್ಟು ಬೆಂಬಲಿಗರಿಗೆ ತಮ್ಮ ಮಕ್ಕಳು ಎದುರು ಪಕ್ಷದವರನ್ನು ಮದುವೆಯಾಗುವುದು ಇಷ್ಟವಿಲ್ಲವೆಂದು ಸಮೀಕ್ಷೆಯೊಂದು ಹೇಳಿದೆಯಂತೆ. ಮದುವೆಯ ವಿಷಯ ಕೇಳಿ, ಒಂದು ದೇಶ ರಾಜಕೀಯವಾಗಿ ಎಷ್ಟು ಒಡೆದಿದೆ ಎಂದು ಅಳೆಯಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಅಳತೆಗೆ ಸಿಗುವುದು ನಾವು ಅಂದುಕೊಂಡದ್ದೇ ಆಗಿರುತ್ತದೆ ಎಂದೇನೂ ಇಲ್ಲ.

ಸಮಾಜದ ಒಡಕನ್ನು ಮದುವೆಯ ಮೂಲಕ ಅಳೆಯುವ ಪದ್ಧತಿಗೆ ಸುಮಾರು ನೂರು ವರ್ಷಗಳಾದವು. ಅಮೆರಿಕದ ಸಮಾಜಶಾಸ್ತ್ರಜ್ಞ ಎಮರಿ ಬೊಗಾರ್ಡಸ್ 1920ರ ದಶಕದಲ್ಲಿ ಒಂದು ಮಾಪಕವನ್ನು ರೂಪಿಸಿದರು. ಬೇರೆ ಜನಾಂಗದವರನ್ನು ನಂಟರಾಗಿ ಒಪ್ಪುತ್ತೀರಾ, ಗೆಳೆಯರಾಗಿ ಒಪ್ಪುತ್ತೀರಾ, ನೆರೆಮನೆಯವರಾಗಿ, ಜೊತೆ ಕೆಲಸಗಾರರಾಗಿ, ದೇಶದ ಪ್ರಜೆಗಳಾಗಿ ಒಪ್ಪುತ್ತೀರಾ ಎಂದು ಅದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಿತ್ತು. ಅವರು ಅಳೆಯಹೊರಟದ್ದು 'ಸಾಮಾಜಿಕ ಅಂತರ'ವನ್ನು. 2020ರಲ್ಲಿ ಅಂಗಡಿಗಳ ಮುಂದೆ ಸುಣ್ಣದಲ್ಲಿ ವೃತ್ತ ಬರೆದು ನಾವು ಪಾಲಿಸಿದ ಅಂತರಕ್ಕೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಮೇಲಿನ ಮೆಟ್ಟಿಲಲ್ಲಿ ಮದುವೆಯೇ ಏಕಿದೆ ಎಂದು 'ಅವರಿಗೂ ನಮಗೂ ಕೊಟ್ಟು ತರುವ ಸಂಬಂಧವಿಲ್ಲ' ಎಂಬ ಮಾತನ್ನು ಕೇಳುತ್ತ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಶ್ನೆ ರಾಜಕೀಯ ಪಕ್ಷಗಳತ್ತ ತಿರುಗಿದ್ದು ಆಮೇಲೆ. 1960ರ ಹೊತ್ತಿಗೆ ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬಾ ಎಂಬ ರಾಜ್ಯಶಾಸ್ತ್ರಜ್ಞರು ಐದು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಿದ್ದರು. ಅಮೆರಿಕದಲ್ಲಿ ಅಸಮಾಧಾನವಾಗುತ್ತದೆ ಎಂದವರು ರಿಪಬ್ಲಿಕನ್ನರಲ್ಲಿ ಶೇ. 5, ಡೆಮಾಕ್ರಟರಲ್ಲಿ ಶೇ. 4 ಮಾತ್ರ. 2010ರಲ್ಲಿ ಯೂಗವ್ ಸಂಸ್ಥೆ ಇಂಥದ್ದೇ ಪ್ರಶ್ನೆ ಕೇಳಿದಾಗ ಆ ಪ್ರಮಾಣ ಕ್ರಮವಾಗಿ ಶೇ. 49 ಮತ್ತು ಶೇ. 33 ಆಗಿತ್ತು. ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರ ತಮ್ಮ ಲೇಖನದಲ್ಲಿ ಈ ಹಳೆಯ ಮತ್ತು ಹೊಸ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಈ ಅಂಕಿಗಳು ಲೋಕಸಂಚಾರ ಹೊರಟವು. ನೀವು ಓದಿದ್ದೂ ಬಹುಶಃ ಇದನ್ನೇ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. 1960ರಲ್ಲಿ ಪ್ರಶ್ನೆ ಕೇಳಿದವರು ಮನೆಗೆ ಬಂದು ಎದುರಿಗೆ ಕುಳಿತಿದ್ದರು. 2010ರಲ್ಲಿ ಉತ್ತರಿಸಿದವರ ಎದುರಿಗಿದ್ದದ್ದು ಕಂಪ್ಯೂಟರಿನ ಪರದೆ. ಮನೆಗೆ ಬಂದವರ ಮುಂದೆ ಆಡಲು ಹಿಂಜರಿಯುವ ಮಾತನ್ನು ಪರದೆಯ ಮುಂದೆ ಒತ್ತಿಬಿಡುವುದು ಸುಲಭ. ಪ್ರಶ್ನೆಯ ಪದಗಳೂ ಎರಡು ಸಲ ಒಂದೇ ಆಗಿರಲಿಲ್ಲ. ಇಷ್ಟರಿಂದಲೇ ಐದು ಐವತ್ತರ ಹತ್ತಿರ ಬಂತೆಂದು ನಾನು ಹೇಳುತ್ತಿಲ್ಲ. ಬದಲಾವಣೆ ನಿಜವಾಗಿಯೂ ದೊಡ್ಡದು. ಆದರೆ ಆ ಐವತ್ತರೊಳಗೆ ಏನಿದೆ ಎಂಬುದನ್ನು ಸಮಂತಾ ಕ್ಲಾರ್, ಯಾನಾ ಕ್ರುಪ್ನಿಕೋವ್ ಮತ್ತು ಜಾನ್ ರಯಾನ್ 2018ರಲ್ಲಿ ಪ್ರಕಟಿಸಿದ ಪ್ರಯೋಗ ತೆರೆದು ತೋರಿಸಿತು. ಅವರು ಹಳೆಯ ಪ್ರಶ್ನೆಗೆ ಒಂದೇ ಒಂದು ವಿವರ ಸೇರಿಸಿದರು: ಬರಲಿರುವ ಅಳಿಯ ಅಥವಾ ಸೊಸೆ ರಾಜಕೀಯ ಮಾತಾಡುವುದು ಎಷ್ಟು? ಕೆಲವರಿಗೆ 'ಅಪರೂಪಕ್ಕೆ' ಎಂದೂ, ಕೆಲವರಿಗೆ 'ಸದಾ' ಎಂದೂ ತಿಳಿಸಲಾಯಿತು. ಅಪರೂಪಕ್ಕೆ ಎಂದಾಗ ಬಹಳ ಮಂದಿಯ ಆಕ್ಷೇಪವೇ ಕರಗಿಹೋಯಿತು. ಸದಾ ರಾಜಕೀಯವೇ ಎಂದಾಗ, ಆ ವ್ಯಕ್ತಿ ತಮ್ಮದೇ ಪಕ್ಷದವನಾದರೂ ಅನೇಕರು ಮುಖ ಸಿಂಡರಿಸಿದರು. ಅಂದರೆ ಬರಿಯ ಪ್ರಶ್ನೆ ಕೇಳಿದಾಗ ಉತ್ತರಿಸುವವರ ಕಣ್ಣ ಮುಂದೆ ಬರುವುದು ಆ ಪಕ್ಷಕ್ಕೆ ಮತ ಹಾಕಿ ತನ್ನ ಪಾಡಿಗೆ ತಾನಿರುವ ವ್ಯಕ್ತಿಯಲ್ಲ, ಹಬ್ಬದೂಟದ ಪಂಕ್ತಿಯಲ್ಲಿ ಕುಳಿತು ಪಾಯಸ ಬರುವವರೆಗೂ ವಾದ ಬಿಡದ ಬೀಗರು. ಅಂಥವರನ್ನು ಬೇಡವೆನ್ನುವುದು ಆ ಪಕ್ಷವನ್ನು ದ್ವೇಷಿಸಿದಂತೆಯೇ ಎಂದು ಹೇಗೆ ಹೇಳುವುದು?

ಮದುವೆಯ ಪ್ರಶ್ನೆಗಿಂತ ಹೆಚ್ಚು ಬಳಕೆಯಲ್ಲಿರುವುದು ಉಷ್ಣತಾಮಾಪಕದ ಪ್ರಶ್ನೆ. ಅಮೆರಿಕದ ರಾಷ್ಟ್ರೀಯ ಚುನಾವಣಾ ಅಧ್ಯಯನದಲ್ಲಿ ಪ್ರತಿ ಪಕ್ಷದ ಬಗ್ಗೆ ತಮಗಿರುವ ಭಾವನೆಗೆ ಸೊನ್ನೆಯಿಂದ 100ರವರೆಗೆ ಡಿಗ್ರಿ ಕೊಡುವಂತೆ ಮತದಾರರನ್ನು ಕೇಳುತ್ತಾರೆ. 50 ಎಂದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಎದುರು ಪಕ್ಷಕ್ಕೆ ಜನ ಕೊಡುವ ಸರಾಸರಿ 1970ರ ದಶಕದ ಕೊನೆಯಲ್ಲಿ 50ಕ್ಕಿಂತ ತುಸು ಕೆಳಗಿದ್ದುದು, 2020ರ ಹೊತ್ತಿಗೆ 20ರ ಆಸುಪಾಸಿಗೆ ಇಳಿದಿತ್ತು. ಗಮನಿಸಬೇಕಾದ್ದೆಂದರೆ, ಸ್ವಂತ ಪಕ್ಷದ ಮೇಲಿನ ಅಭಿಮಾನ ಅದೇ ಪ್ರಮಾಣದಲ್ಲಿ ಏರಲಿಲ್ಲ. ಪ್ರೀತಿ ಇದ್ದಲ್ಲೇ ಇತ್ತು, ಬೆಳೆದದ್ದು ಮುನಿಸು. ಇದಕ್ಕೂ ಒಂದು ತಿದ್ದುಪಡಿ ಬಂದಿದೆ. 'ಪಕ್ಷ' ಎಂದು ಕೇಳಿದಾಗ ಜನರ ಮನಸ್ಸಿಗೆ ಬರುವುದು ಅದರ ನಾಯಕರು, ಸಾಮಾನ್ಯ ಮತದಾರರಲ್ಲ. ಮತದಾರರ ಬಗ್ಗೆಯೇ ಬಿಡಿಸಿ ಕೇಳಿದರೆ ಉತ್ತರ ಅಷ್ಟು ತಣ್ಣಗಿರುವುದಿಲ್ಲ ಎಂದು ಜೇಮ್ಸ್ ಡ್ರಕ್‌ಮನ್ ಮತ್ತು ಮ್ಯಾಥ್ಯೂ ಲೆವೆಂಡಸ್ಕಿ 2019ರಲ್ಲಿ ತೋರಿಸಿದರು.

ಭಾವನೆಯನ್ನು ಬದಿಗಿಟ್ಟು ಅಭಿಪ್ರಾಯವನ್ನೇ ಅಳೆದರೆ ಚಿತ್ರ ಬೇರೆಯಾಗುತ್ತದೆ. ಪ್ಯೂ ರಿಸರ್ಚ್ ಸೆಂಟರ್ 2014ರಲ್ಲಿ 10 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹತ್ತು ರಾಜಕೀಯ ಮೌಲ್ಯಗಳ ಬಗ್ಗೆ ಕೇಳಿತು. ಬಹುತೇಕ ಎಲ್ಲ ಪ್ರಶ್ನೆಗಳಿಗೂ ಒಂದೇ ಕಡೆಯ ಉತ್ತರ ಕೊಟ್ಟವರು 1994ರಲ್ಲಿ ಶೇ. 10 ಇದ್ದದ್ದು ಶೇ. 21 ಆಗಿದ್ದರು. ದುಪ್ಪಟ್ಟಾದದ್ದು ಹೌದು, ಆದರೆ ಐವರಲ್ಲಿ ನಾಲ್ವರು ಹಾಗಿರಲಿಲ್ಲ. ಹೆಚ್ಚು ಬದಲಾದದ್ದು ಯಾರು ಎಲ್ಲಿ ನಿಂತಿದ್ದಾರೆ ಎಂಬುದು. ಡೆಮಾಕ್ರಟರನ್ನೆಲ್ಲ ಉದಾರವಾದಿಗಳಿಂದ ಸಂಪ್ರದಾಯವಾದಿಗಳವರೆಗೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನು ಗುರುತಿಸಿದರೆ, ಅವರ ಬಲಕ್ಕೆ ನಿಲ್ಲುವ ರಿಪಬ್ಲಿಕನ್ನರು 1994ರಲ್ಲಿ ಶೇ. 64 ಇದ್ದರು, 2014ರಲ್ಲಿ ಶೇ. 92. ದಕ್ಷಿಣದ ಸಂಪ್ರದಾಯವಾದಿ ಡೆಮಾಕ್ರಟರು, ಈಶಾನ್ಯದ ಉದಾರವಾದಿ ರಿಪಬ್ಲಿಕನ್ನರು ಎಂಬ ಹಳೆಯ ಮಿಶ್ರತಳಿಗಳು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರದ ದಶಕಗಳಲ್ಲಿ ತಂತಮ್ಮ ಬುಟ್ಟಿಗೆ ಹೋಗಿ ಸೇರಿದ್ದು ಇದಕ್ಕೆ ದೊಡ್ಡ ಕಾರಣ. ಕಾಳುಗಳು ಬದಲಾದದ್ದಕ್ಕಿಂತ ಹಸನಾಗಿ ಬೇರ್ಪಟ್ಟದ್ದು ಹೆಚ್ಚು ಎನ್ನುವ ಮಾರಿಸ್ ಫಿಯೊರಿನಾ ಅವರ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ನನಗೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಇನ್ನು ಎದುರು ಪಕ್ಷದವರೆಂದರೆ ಯಾರೆಂಬ ಕಲ್ಪನೆಯಂತೂ ವಾಸ್ತವದಿಂದ ಬಲು ದೂರ. ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಿಪಬ್ಲಿಕನ್ನರಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್‌ಗಿಂತ ಹೆಚ್ಚು ಗಳಿಸುವವರು ಶೇ. 38 ಇದ್ದಾರೆಂದು ಜನ ಸರಾಸರಿಯಾಗಿ ಅಂದಾಜಿಸಿದ್ದರು. ನಿಜವಾಗಿ ಇದ್ದವರು ಶೇ. 2.

ಈ ಎಲ್ಲವನ್ನೂ ನಮ್ಮ ಕಡೆಗೆ ತಿರುಗಿಸುವಾಗ ಒಂದು ಎಚ್ಚರ ಬೇಕು. ಪ್ಯೂ ಸಂಸ್ಥೆ 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಭಾರತದಲ್ಲಿ ಕನ್ನಡವೂ ಸೇರಿ 17 ಭಾಷೆಗಳಲ್ಲಿ ಸುಮಾರು 30 ಸಾವಿರ ಜನರನ್ನು ಮುಖತಃ ಮಾತಾಡಿಸಿತು. ನಿಜವಾದ ಭಾರತೀಯರಾಗಲು ಎಲ್ಲ ಧರ್ಮಗಳನ್ನು ಗೌರವಿಸುವುದು ಬಹಳ ಮುಖ್ಯ ಎಂದವರು ಶೇ. 84. ಅದೇ ಸಮೀಕ್ಷೆಯಲ್ಲಿ ತಮ್ಮ ಧರ್ಮದ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ಹಿಂದೂಗಳಲ್ಲಿ ಶೇ. 67, ಮುಸ್ಲಿಮರಲ್ಲಿ ಶೇ. 80. ಈ 67ನ್ನು ಅಮೆರಿಕದ 49ರ ಪಕ್ಕದಲ್ಲಿಟ್ಟು ಯಾರ ದೇಶ ಹೆಚ್ಚು ಒಡೆದಿದೆ ಎಂದು ಕೇಳುವ ಆಸೆ ಯಾರಿಗಾದರೂ ಆದೀತು. ಆದರೆ ಅಲ್ಲಿ ಕೇಳಿದ್ದು ನಿಮ್ಮ ಮಗುವಿನ ಮದುವೆಯಿಂದ ನಿಮಗೆ ಬೇಸರವಾಗುತ್ತದೆಯೇ ಎಂದು; ಇಲ್ಲಿ ಕೇಳಿದ್ದು ಸಮುದಾಯದ ಹೆಣ್ಣುಮಕ್ಕಳನ್ನು ತಡೆಯುವುದು ಎಷ್ಟು ಮುಖ್ಯ ಎಂದು. ಒಂದು ಮನೆಯೊಳಗಿನ ಭಾವನೆ, ಇನ್ನೊಂದು ಊರಿನ ಕಟ್ಟುಪಾಡು. ಮಗಳ ಆಯ್ಕೆಗೆ ಮನೆಯಲ್ಲಿ ಒಳಗೊಳಗೇ ಒಪ್ಪಿದವರೂ ಜಗಲಿಗೆ ಬಂದು ಕುಳಿತಾಗ ಕಟ್ಟುಪಾಡಿನ ಮಾತನ್ನೇ ಆಡುವುದುಂಟು.