ಹ್ಯಾಂಕ್ ಹೀಗೇ ಮಾಡಿದ್ದು ಖಾತ್ರಿನಾ? ಕಂಟ್ರಿ ಹಾಡುಗಳಲ್ಲಿ ಗುರುಸ್ಮರಣೆ

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಹಿರಿಯರನ್ನು ಹಾಡಿನಲ್ಲೇ ನೆನೆಯುವ ರೂಢಿ ಹಳೆಯದು. 1933ರಲ್ಲಿ ಕ್ಷಯದಿಂದ ತೀರಿಕೊಂಡ ಗಾಯಕ ಜಿಮ್ಮಿ ರಾಜರ್ಸ್ ಬಗ್ಗೆ ಅರ್ನೆಸ್ಟ್ ಟಬ್ 1936ರಲ್ಲೇ ಹಾಡಿದರು. ರಾಜರ್ಸ್ ಅವರ ಹೆಂಡತಿ ಗಂಡನ ಗಿಟಾರನ್ನೇ ಟಬ್ ಕೈಗೆ ಕೊಟ್ಟಿದ್ದರು!

ಗಾಯಕ ಮರ್ಲ್ ಹ್ಯಾಗರ್ಡ್ ದಾರಿ ನೇರ. ಫಿಡಲ್ (ಪಿಟೀಲು) ವಾದಕ, ತಂಡದ ನಾಯಕ ಬಾಬ್ ವಿಲ್ಸ್ ನೆನಪಿನ 1970ರ ಆಲ್ಬಮ್‌ಗಾಗಿ ಫಿಡಲ್ ಕಲಿತರು, ವಿಲ್ಸ್ ತಂಡದ ಹಳಬರನ್ನೇ ಕರೆಸಿದರು, ಅವರ ಹಾಡುಗಳನ್ನೇ ಹಾಡಿದರು.

ನಾನು ಎಡವಿದ್ದು ಇನ್ನೊಬ್ಬ ಗಾಯಕ ವೇಲನ್ ಜೆನ್ನಿಂಗ್ಸ್ ಹತ್ತಿರ. 1975ರ 'ಆರ್ ಯೂ ಶೂರ್ ಹ್ಯಾಂಕ್ ಡನ್ ಇಟ್ ದಿಸ್ ವೇ' ಹಾಡು. ಅದೇ ಹಳೇ ರಾಗ, ಅದೇ ಫಿಡಲ್, ಗಿಟಾರು, ಮಿರಮಿರ ಮಿಂಚುವ ಸೂಟು, ಹೊಸ ಕಾರು: ಇದನ್ನೆಲ್ಲ ಹೇಳಿ, ಹಿಂದಿನ ತಲೆಮಾರಿನ ಹೆಸರಾಂತ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹೀಗೇ ಮಾಡಿದ್ದು ಖಾತ್ರಿನಾ ಅಂತ ಕೇಳುತ್ತಾರೆ. 'ಇಲ್ಲ, ಹ್ಯಾಂಕ್ ಸರಳವಾಗಿದ್ದರು' ಅನ್ನೋದೇ ಉತ್ತರ ಅಂದುಕೊಂಡಿದ್ದೆ. ಆಮೇಲೆ ಹ್ಯಾಂಕ್ ಫೋಟೋ ನೋಡಿದೆ. ಬಿಳಿ ಸೂಟು, ಅದರ ತುಂಬ ಸಂಗೀತದ ಸ್ವರಚಿಹ್ನೆಗಳು! ಅವರ ತಂಡದಲ್ಲೂ ಫಿಡಲ್ ಇತ್ತು. 1953ರ ಜನವರಿ 1ರಂದು, 29ನೇ ವಯಸ್ಸಿನಲ್ಲಿ, ಪ್ರಾಣ ಬಿಟ್ಟದ್ದೂ ಕ್ಯಾಡಿಲಾಕ್ ಕಾರಿನ ಹಿಂದಿನ ಸೀಟಿನಲ್ಲೇ. ಅಂದರೆ ಉತ್ತರ 'ಹೌದು' ಅಲ್ವಾ? ಹಾಗಾದರೆ ವೇಲನ್ ಕೇಳ್ತಿರೋದಾದರೂ ಏನು?

ಇಲ್ಲೇ ಎರಡು ದಿನ ನಿಂತುಬಿಟ್ಟೆ. ಗಂಟು ಬಿಚ್ಚಿದ್ದು ಮಾತನ್ನು ಬಿಟ್ಟು ಸುಮ್ನೆ ಸದ್ದನ್ನಷ್ಟೇ ಕೇಳಿದಾಗ. ಎರಡೇ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಒಂದೇ ಸಮ ಗುದ್ದುವ ತಾಳ. ಹ್ಯಾಂಕ್ ಸದ್ದು ಹೀಗಿರಲಿಲ್ಲ. ಹ್ಯಾಂಕ್ ತಮಗೆ ಬೇಕಾದದ್ದನ್ನು ಮಾಡಿದರು. ಹಿಂದೆ ಬಂದವರು ಅವರ ಸೂಟು ಹೊಲಿಸಿಕೊಂಡರು. ವೇಲನ್ ಸೂಟು ಬಿಟ್ಟು ಆ ಧೈರ್ಯವನ್ನು ತಗೊಂಡರು. ನನ್ನ ಕಿವಿಗೆ ಇದೇ ಎಲ್ಲಕ್ಕಿಂತ ದೊಡ್ಡ ಗೌರವ.

ಅದಕ್ಕೇ ಈಗ ಇಂಥ ಪ್ರತಿ ಹಾಡಿಗೂ ಎರಡು ಪ್ರಶ್ನೆ ಹಾಕುತ್ತೇನೆ: ಹೆಸರು ಯಾರದ್ದು? ಸದ್ದು ಯಾರದ್ದು? ಹ್ಯಾಗರ್ಡ್ ಆಲ್ಬಮ್‌ನಲ್ಲಿ ಎರಡೂ ವಿಲ್ಸ್ ಅವರದ್ದು. ವೇಲನ್ ಹಾಡಲ್ಲಿ ಹೆಸರು ಹ್ಯಾಂಕ್‌ದು, ಸದ್ದು ವೇಲನ್‌ದೇ. ಅಲನ್ ಜಾಕ್ಸನ್ ಅವರ 'ಮಿಡ್‌ನೈಟ್ ಇನ್ ಮಾಂಟ್ಗಮರಿ' ಹಾಡಿಗೂ ಹಾಕಿ ನೋಡಿ. ಮಾಂಟ್ಗಮರಿ ಅಂದರೆ ಹ್ಯಾಂಕ್ ಸಮಾಧಿ ಇರುವ ಊರು.

ವೇಲನ್ ಅವರ ಆ ರೆಕಾರ್ಡನ್ನು ತಿರುವಿ ಹಾಕೋದನ್ನು ಮರೀಬೇಡಿ. ಇನ್ನೊಂದು ಬದಿಯಲ್ಲಿ 'ಬಾಬ್ ವಿಲ್ಸ್ ಇಸ್ ಸ್ಟಿಲ್ ದ ಕಿಂಗ್' ಇದೆ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಜನರೆದುರೇ ಹಾಡಿದ್ದು. ಅಲ್ಲಿ ಪ್ರಶ್ನೆಯೇ ಇಲ್ಲ. ವಿಲ್ಸೇ ರಾಜ ಅಂತ ವೇಲನ್ ಹೇಳುತ್ತಾರೆ, ಜನ ಕೂಗುತ್ತಾರೆ.