ಗೋಳಗುಮ್ಮಟ ನೋಡಿದ ಮೇಲೆ ವಿಜಯಪುರದಲ್ಲಿ ಇನ್ನೇನಿದೆ?

ಪ್ರಶ್ನೆ: ವಿಜಯಪುರಕ್ಕೆ ಒಂದೇ ದಿನ ಇಟ್ಟುಕೊಂಡಿದ್ದೇವೆ. ಗೋಳಗುಮ್ಮಟಕ್ಕೆ ಎರಡು ಗಂಟೆ ಸಾಕು ಅಂತಾರೆ. ಉಳಿದ ಹೊತ್ತಿನಲ್ಲಿ ಏನು ನೋಡಬೇಕು?

ಉತ್ತರ: ಒಂದು ದಿನ ಸಾಕು, ಆದರೆ ಬೆಳಿಗ್ಗೆ ಬೇಗ ಏಳಬೇಕು. ಊರಿನ ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಹೋಗಿ. ಹಾಗೆ ಹೋದರೆ ಈ ಊರನ್ನಾಳಿದ ಆದಿಲ್‌ಶಾಹಿ ಮನೆತನದ ಮಗ, ಮೊಮ್ಮಗ, ಕೊನೆಗೆ ಅಜ್ಜ, ಹೀಗೆ ಮೂರು ತಲೆಮಾರಿನ ಗೋರಿಗಳು ಸಾಲಾಗಿ ಸಿಗುತ್ತವೆ. ಮೂರನ್ನೂ ನೋಡಿದರೇನೇ ಊರು ಅರ್ಥವಾಗೋದು.

ಗೋಳಗುಮ್ಮಟ ಮಗನದು, ಅಂದರೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾನದು. ರೈಲು ನಿಲ್ದಾಣಕ್ಕೂ ಹತ್ತಿರ. ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ, ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಮೇಲಿನ ಪಿಸುಗುಟ್ಟುವ ಗ್ಯಾಲರಿ ಸೇರಿ. ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡಿದರೆ, ದನಿ ದುಂಡನೆ ಗೋಡೆಯ ಗುಂಟ ಸರಿಯುತ್ತಾ ಹೋಗಿ ಸುಮಾರು 38 ಮೀಟರ್ ಆಚೆ ಎದುರಿಗೆ ನಿಂತವರ ಕಿವಿಗೆ ಬೀಳುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬಂದವೋ, ಮುಗೀತು. ಆಮೇಲೆ ಕೇಳೋದು ಬರೀ ಕಿರುಚಾಟ. ಕೆಳಗಿಳಿದ ಮೇಲೆ ಒಮ್ಮೆ ತಲೆಯೆತ್ತಿ ನೋಡಿ. ಇಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಒಂದಕ್ಕೊಂದು ಹೆಣೆದುಕೊಂಡ ಎಂಟು ಕಮಾನುಗಳೇ ಭಾರವನ್ನೆಲ್ಲ ಹೊತ್ತಿವೆ. ಮುಂದಿನ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಮ್ಯೂಸಿಯಂ ಇದೆ, ಶುಕ್ರವಾರ ರಜೆ.

ಅಲ್ಲಿಂದ ಜುಮ್ಮಾ ಮಸೀದಿ, ಹಳೇ ಅರಮನೆ ಗಗನ ಮಹಲ್. ಇವೆರಡಕ್ಕೆ ಜಾಸ್ತಿ ಹೊತ್ತು ಬೇಡ. ಬಾರಾ ಕಮಾನ್ ಮಾತ್ರ ತಪ್ಪಿಸಬೇಡಿ. ಮೊಮ್ಮಗ ಎರಡನೇ ಅಲಿ ಆದಿಲ್ ಶಾ ಕಟ್ಟಿಸಲು ಹೊರಟ ಗೋರಿ ಇದು. 1672ರಲ್ಲಿ ಅವನು ಸತ್ತ, ಕೆಲಸ ಅರ್ಧಕ್ಕೇ ನಿಂತಿತು. ಮೇಲೆ ಚಾವಣಿಯೇ ಇಲ್ಲ, ಕರಿಕಲ್ಲಿನ ಕಮಾನುಗಳಷ್ಟೇ. 1686ರಲ್ಲಿ ಊರೇ ಔರಂಗಜೇಬನ ಪಾಲಾಯಿತು.

ಮಧ್ಯಾಹ್ನ ಯಾವುದಾದರೂ ಖಾನಾವಳಿಗೆ ನುಗ್ಗಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಇಲ್ಲಿಗೆ ಬಂದು ಮಸಾಲೆ ದೋಸೆ ಹುಡುಕುವವರಿಗೆ ನಾನೇನೂ ಹೇಳಲ್ಲ.

ಊಟವಾದ ಮೇಲೆ ಎತ್ತರದ ಕಾವಲು ಗೋಪುರ ಉಪ್ಲಿ ಬುರುಜು ಹತ್ತಿ, ಪಕ್ಕದ ಮಲಿಕ್-ಎ-ಮೈದಾನ್ ತೋಪು ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ತೋಪಿನ ಬಾಯಿಯೇ ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ ಸಿಕ್ಕಿಹಾಕಿಕೊಂಡಿದೆ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗಿಂತ ಮೇಲೆ ಯಾರೂ ಕೂಗಲಿಲ್ಲವಂತೆ. ಪುಣ್ಯಕ್ಕೆ ಮಾರಾಟ ಕೈಬಿಟ್ಟರು.

ನಾಲ್ಕು ಗಂಟೆಯೊಳಗೆ ಅಜ್ಜನ ಗೋರಿ ಇಬ್ರಾಹಿಂ ರೋಜಾದಲ್ಲಿರಿ. ನನ್ನ ಕೇಳಿದರೆ ಊರಿನ ನಿಜವಾದ ಬೆರಗು ಇದೇ. ಗಾತ್ರದಲ್ಲಿ ಗೋಳಗುಮ್ಮಟದ ಮುಂದೆ ಏನೂ ಅಲ್ಲ, ಆದರೆ ಕಿಟಕಿಗಳ ಹತ್ತಿರ ಹೋಗಿ ನೋಡಿ. ಕಲ್ಲಿನ ಜಾಲರಿಯನ್ನೇ ಅಕ್ಷರಗಳಾಗಿ ಕಡೆದಿದ್ದಾರೆ, ಒಳಗೆ ಬೆಳಕು ಬರೋದು ಆ ಅಕ್ಷರಗಳ ಸಂದಿನಿಂದ. ಗೋರಿಯೊಂದು ಕಡೆ, ಮಸೀದಿಯೊಂದು ಕಡೆ, ನಡುವೆ ಕೊಳ, ಎಲ್ಲವೂ ಒಂದೇ ಜಗುಲಿಯ ಮೇಲೆ. ರಾಣಿ ತಾಜ್ ಸುಲ್ತಾನಾಗೆಂದು ಶುರುವಾದ ಕಟ್ಟಡದಲ್ಲಿ 1627ರಲ್ಲಿ ಎರಡನೇ ಇಬ್ರಾಹಿಂನನ್ನೂ ಮಣ್ಣು ಮಾಡಿದರು. ಮುಹಮ್ಮದನ ಅಪ್ಪ ಇವನೇ. ಜನ ಇವನನ್ನು ಜಗದ್ಗುರು ಬಾದಷಾ ಅನ್ನುತ್ತಿದ್ದರು. ತಾನೇ ದಖನಿ ಉರ್ದುವಿನಲ್ಲಿ ಬರೆದ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯನ್ನೂ ಹಾಡಿದ, ಕಲಬುರಗಿಯ ಸೂಫಿ ಸಂತ ಬಂದೇ ನವಾಜರನ್ನೂ ಹಾಡಿದ, ತನ್ನ ತಂಬೂರಿ ‘ಮೋತಿಖಾನ್’ನನ್ನೂ ಬಿಡಲಿಲ್ಲ!

ಓಡಾಟಕ್ಕೆ ಇಡೀ ದಿನಕ್ಕೊಂದು ಆಟೊ ಮಾತಾಡಿಕೊಳ್ಳಿ. ಬೇಸಿಗೆಯಲ್ಲಿ ಬರೋದಾದರೆ ಜೇಬಲ್ಲಿ ಒಂದು ಜೊತೆ ಸಾಕ್ಸ್ ಇರಲಿ. ಚಪ್ಪಲಿ ಬಿಟ್ಟು ನಡೆಯುವ ಕಡೆ ಕಲ್ಲು ಸುಡುತ್ತದೆ.